ಗ್ರಾಫೀನ್ ಒಂದೇ, ಅಂಕಿ ಎರಡೇಕೆ?

ಪ್ರಶ್ನೆ: ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್‌ಗಳ ಚಲನಶೀಲತೆ ಒಂದು ಪುಸ್ತಕದಲ್ಲಿ 10,000 ಎಂದಿದೆ, ಇನ್ನೊಂದರಲ್ಲಿ 2,00,000 ಎಂದಿದೆ. ವಿದ್ಯಾರ್ಥಿಗಳಿಗೆ ಯಾವುದನ್ನು ಹೇಳಲಿ?
– ಭೌತಶಾಸ್ತ್ರ ಉಪನ್ಯಾಸಕಿ, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ಎರಡನ್ನೂ ಹೇಳಿ ಮೇಡಂ, ಆದರೆ ಚಲನಶೀಲತೆಯನ್ನು, ಅಂದರೆ ಎಲೆಕ್ಟ್ರಾನ್‌ಗಳು ಎಷ್ಟು ಸಲೀಸಾಗಿ ಓಡುತ್ತವೆ ಎಂಬುದನ್ನು, ಅಳೆಯುವಾಗ ಇಂಗಾಲದ ಆ ಹಾಳೆ ಯಾವುದರ ಮೇಲಿತ್ತು, ಉಷ್ಣತೆ ಎಷ್ಟಿತ್ತು ಎಂಬುದನ್ನೂ ಜೊತೆಗೇ ಬೋರ್ಡಿನ ಮೇಲೆ ಬರೆಯಿರಿ. ಪುಸ್ತಕಗಳು ಅದನ್ನು ಬಿಟ್ಟಿರುವುದೇ ಗೊಂದಲಕ್ಕೆ ಕಾರಣ.

ತಾಮ್ರದ ತಂತಿಯಲ್ಲಿ ಬಹುಪಾಲು ಪರಮಾಣುಗಳು ಒಳಗಿರುವುದರಿಂದ ಹೊರಗಿನ ತೇವ, ಧೂಳು ಅವುಗಳನ್ನು ಮುಟ್ಟುವುದಿಲ್ಲ. ಒಂದೇ ಪರಮಾಣು ದಪ್ಪದ ಗ್ರಾಫೀನ್‌ಗೆ ಒಳಗು ಎಂಬುದೇ ಇಲ್ಲ. ನಮ್ಮ ಕಡೆಯ ರಾಗಿ ಹೊಲಕ್ಕೆ ಹೋಲಿಸುವುದಾದರೆ ಅದು ಹೊಲವಿಲ್ಲದ ಬರೀ ಬದು. ಪಕ್ಕದವರ ನೀರು, ದನದ ಕಾಲು ಎಲ್ಲವೂ ನೇರವಾಗಿ ಅದರ ಮೇಲೆಯೇ.

2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್‌ನಿಂದ ಅಂಟುಪಟ್ಟಿಯಲ್ಲಿ ಬಿಡಿಸಿದ ಗ್ರಾಫೀನ್ ಪದರಗಳನ್ನು ಸಿಲಿಕಾನ್ ಡೈಆಕ್ಸೈಡ್ ಲೇಪಿಸಿದ ಬಿಲ್ಲೆಯ ಮೇಲೆ ಕೂರಿಸಿದ್ದರು. ಆ ಲೇಪದ ದಪ್ಪ ಸುಮಾರು 300 ನ್ಯಾನೋಮೀಟರ್ ಇದ್ದರೆ ಪದರ ಸೂಕ್ಷ್ಮದರ್ಶಕದಲ್ಲಿ ತೆಳುವಾದ ನೆರಳಿನಂತೆ ಕಣ್ಣಿಗೆ ಬೀಳುತ್ತದೆ, ಅನುಕೂಲವೇನೋ ಹೌದು. ಆದರೆ ಲೇಪದ ಮೈ ತಗ್ಗುದಿಣ್ಣೆ. ಅದರಲ್ಲಿ ಸಿಕ್ಕಿಕೊಂಡ ವಿದ್ಯುದಾವೇಶಗಳು ಓಡುವ ಎಲೆಕ್ಟ್ರಾನ್‌ಗಳನ್ನು ದಾರಿ ತಪ್ಪಿಸುತ್ತಲೇ ಇರುತ್ತವೆ. ಹೀಗೆ ಬಿಲ್ಲೆಯ ಮೇಲೆ ಕೂತ ಹಾಳೆಯ ಅಂಕಿ ನಿಮ್ಮ 10,000 (ವೋಲ್ಟ್-ಸೆಕೆಂಡಿಗೆ ಚದರ ಸೆಂಟಿಮೀಟರ್).

2008ರ ಪ್ರಯೋಗವೊಂದರಲ್ಲಿ ಹಾಳೆಯ ಕೆಳಗಿನ ಲೇಪವನ್ನು ಆಮ್ಲದಿಂದ ಕರಗಿಸಿ, ಹಾಳೆಯನ್ನು ಸೇತುವೆಯಂತೆ ತೂಗುಬಿಟ್ಟರು. ನನಗೆ ಬಹಳ ಮುಖ್ಯವೆನಿಸುವ ವಿವರ ಇಲ್ಲಿದೆ: ನೆಲವನ್ನು ತೆಗೆದ ಮಾತ್ರಕ್ಕೆ ಚಲನಶೀಲತೆ ಅಷ್ಟೇನೂ ಏರಲಿಲ್ಲ. ಹಾಳೆಯ ಮೂಲಕ ಜೋರಾಗಿ ವಿದ್ಯುತ್ ಹರಿಸಿ, ಆ ಕಾವಿನಲ್ಲಿ ಮೈಗಂಟಿದ್ದ ಕಶ್ಮಲವನ್ನು ಓಡಿಸಿದ ಮೇಲೆಯೇ, ಅದೂ ಅತಿಶೀತದಲ್ಲಿ, ಅದು 2,00,000 ದಾಟಿತು. ತೂಗುವ ಹಾಳೆ ಬಲು ನಾಜೂಕು. ಆದ್ದರಿಂದ 2010ರಿಂದ ಹೆಚ್ಚಿನವರು ಗ್ರಾಫೀನ್‌ನಂತೆಯೇ ಜೇನುಗೂಡಿನ ವಿನ್ಯಾಸವುಳ್ಳ, ನುಣುಪಾದ ಬೋರಾನ್ ನೈಟ್ರೈಡ್ ಹರಳನ್ನು ಅಡಿಗೆ ಹಾಸುತ್ತಿದ್ದಾರೆ.

ಸುತ್ತಲಿನ ವಸ್ತು ಬದಲಿಸುವುದು ಓಟವನ್ನಷ್ಟೇ ಅಲ್ಲ. ಟಂಗ್‌ಸ್ಟನ್ ಡೈಸಲ್ಫೈಡ್‌ನಂತಹ ಏಕಪದರ ಅರೆವಾಹಕದಲ್ಲಿ ಎಲೆಕ್ಟ್ರಾನು ಮತ್ತು ರಂಧ್ರಗಳ (ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಗಳ) ನಡುವಿನ ವಿದ್ಯುತ್ ಬಲರೇಖೆಗಳು ಬಹುಪಾಲು ಹಾಳೆಯ ಹೊರಗೇ ಹಾದುಹೋಗುವುದರಿಂದ, ಹೊರಗೆ ಏನಿದೆ ಎಂಬುದರ ಮೇಲೆ ಅವುಗಳ ಆಕರ್ಷಣೆಯೂ ಅರೆವಾಹಕದ ಶಕ್ತಿ ಅಂತರವೂ (ಎಲೆಕ್ಟ್ರಾನು ಬಿಡಿಸಿಕೊಂಡು ಓಡಲು ಬೇಕಾದ ಕನಿಷ್ಠ ಶಕ್ತಿ) ಬದಲಾಗುತ್ತವೆ. 2017ರಲ್ಲಿ ಇಂತಹ ಪದರದ ಒಂದು ಭಾಗಕ್ಕೆ ಮಾತ್ರ ಗ್ರಾಫೀನ್ ಹೊದಿಸಿ ನೋಡಿದಾಗ, ಹೊದ್ದ ಕಡೆ ಶಕ್ತಿ ಅಂತರ ಕುಗ್ಗಿತ್ತು, ಬಯಲಾಗಿದ್ದ ಕಡೆ ಹಾಗೆಯೇ ಉಳಿದಿತ್ತು.