ಹುಲ್ಲಲ್ಲಿ ನಿಂತ ಬಕಕ್ಕೆ ಅಲ್ಲೇನು ಕೆಲಸ?

ಪ್ರಶ್ನೆ: ಕೆಲಸದ ಮೇಲೆ ಬಂದು ನೆದರ್ಲೆಂಡ್ಸ್‌ನಲ್ಲಿ ನೆಲೆಸಿದ್ದೇವೆ. ಮನೆ ಹಿಂದೆ ದನ ಮೇಯುವ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ಬೂದು ಬಣ್ಣದ ಎತ್ತರದ ಹಕ್ಕಿಯೊಂದು ಬಕಧ್ಯಾನ ಮಾಡುತ್ತಾ ತುಂಬಾ ಹೊತ್ತು ನಿಂತಿತ್ತು. ಆಮೇಲೆ ಪಟ್ಟಂತ ಕೊಕ್ಕು ಹಾಕಿ ಇಲಿಯಂಥದ್ದೇನೋ ಹಿಡಿಯಿತು. ಕಾಲುವೆಗೆ ಒಯ್ದು ನೀರಲ್ಲಿ ಅದ್ದಿ ಅದ್ದಿ ನುಂಗಿತು. ಇದು ಮೀನು ತಿನ್ನುವ ಹಕ್ಕಿ ಅಲ್ವಾ? ತೊಳೆದು ತಿನ್ನುವುದು ಯಾಕೆ?
— ಓದುಗರು, ಉಟ್ರೆಕ್ಟ್

ಉತ್ತರ: ನೀವು ನೋಡಿದ್ದು ಬೂದು ಬಕ. ನಮ್ಮ ರಂಗನತಿಟ್ಟಿನಲ್ಲಿ, ಊರ ಕೆರೆಗಳ ಅಂಚಿನಲ್ಲಿ ಕಾಣುವುದೂ ಇದೇ ಜಾತಿ. ಮೀನು ಇದರ ಮುಖ್ಯ ಆಹಾರ, ನಿಜ. ಆದರೆ ಗಂಟಲಲ್ಲಿ ಇಳಿಯುವ ಯಾವ ಪ್ರಾಣಿ ಸಿಕ್ಕರೂ ಬಿಡುವುದಿಲ್ಲ: ಕಪ್ಪೆ, ಹಾವು, ಇಲಿ, ಬಾತುಕೋಳಿ ಮರಿ, ದೊಡ್ಡ ಹುಳು. ಅದು ಹಿಡಿದದ್ದು ಹೆಚ್ಚಾಗಿ ವೋಲ್ ಇರಬೇಕು. ಇಲಿಯ ಹತ್ತಿರದ ಸಂಬಂಧಿ, ಬಾಲ ಮೋಟು, ತೂಕ ಸುಮಾರು 20ರಿಂದ 40 ಗ್ರಾಂ. ಇವು ಹುಲ್ಲಿನ ಬುಡದಲ್ಲೇ ದಾರಿ ಮಾಡಿಕೊಂಡು ಓಡಾಡುತ್ತವೆ. ಕೆಲವು ವರ್ಷಕ್ಕೊಮ್ಮೆ ಇವುಗಳ ಸಂಖ್ಯೆ ವಿಪರೀತ ಏರುತ್ತದೆ, ಮತ್ತೆ ಇಳಿಯುತ್ತದೆ. ಏರಿದ ವರ್ಷ ಹುಲ್ಲುಗಾವಲಿನಲ್ಲಿ ಬಕಗಳೂ ಜಾಸ್ತಿ ಕಾಣುತ್ತವೆ. ಹುಲ್ಲು ಕೊಯ್ದ ಮೇಲಂತೂ ಅಡಗಲು ಜಾಗವಿಲ್ಲದೆ ವೋಲ್‌ಗಳು ಬಯಲಿಗೆ ಬೀಳುತ್ತವೆ. ಇನ್ನು ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿದರೆ ಮೀನು ಸಿಗುವುದೇ ಇಲ್ಲ, ಆಗ ಈ ಹುಲ್ಲೇ ಬಕದ ಜೀವ ಉಳಿಸಬೇಕು. ಕಡು ಚಳಿಯ ವರ್ಷಗಳಲ್ಲಿ ಯುರೋಪಿನಲ್ಲಿ ಎಷ್ಟೋ ಬಕಗಳು ಹಸಿವಿನಿಂದ ಸಾಯುತ್ತವೆ.

ಸುಮ್ನೆ ನಿಂತ ಹಾಗೆ ಕಂಡರೂ ಅದು ಕೆಲಸದಲ್ಲೇ ಇರುತ್ತದೆ. ಮುಂದಿನ ಸಲ ಕತ್ತನ್ನೇ ಗಮನಿಸಿ. ಬಕದ ಕತ್ತಿನ ಆರನೇ ಮೂಳೆ ಉಳಿದವಕ್ಕಿಂತ ಉದ್ದ, ಅಲ್ಲಿ ಕತ್ತು ಗಕ್ಕನೆ ಮಡಚಿಕೊಳ್ಳುತ್ತದೆ. ಹಾಗೆ ಮಡಚಿದ ಕತ್ತು ಎಳೆದು ಹಿಡಿದ ಬಿಲ್ಲಿನ ಹಾಗೆ ಕಾದಿರುತ್ತದೆ, ಬಿಟ್ಟ ಕ್ಷಣಕ್ಕೆ ಕೊಕ್ಕು ನೆಲ ಮುಟ್ಟಿರುತ್ತದೆ. ಹಾರುವಾಗಲೂ ಕತ್ತನ್ನು ಹೀಗೇ ಮಡಚಿಕೊಂಡಿರುತ್ತದೆ. ಕತ್ತು ಉದ್ದಕ್ಕೆ ಚಾಚಿ ಹಾರಿದರೆ ಅದು ಕೊಕ್ಕರೆಯೋ ಕ್ರೌಂಚವೋ ಆಗಿರುತ್ತದೆ. ಬಕಗಳ ಕಣ್ಣಿನ ಜಾಗವೂ ವಿಶೇಷ. ಕೊಕ್ಕನ್ನು ಅಡ್ಡಕ್ಕೆ ನೇರ ಹಿಡಿದುಕೊಂಡೇ, ತಲೆ ಬಗ್ಗಿಸದೆ, ತನ್ನ ಕಾಲ ಬುಡವನ್ನು ಎರಡೂ ಕಣ್ಣಿಂದ ನೋಡಬಲ್ಲದು. ವೋಲ್ ಹತ್ತಿರ ಬಂದರೂ ಬಕ ಅಲುಗಬೇಕಾಗಿಲ್ಲ. ಹಿಡಿಯುವಾಗ ಸಾಮಾನ್ಯವಾಗಿ ಚುಚ್ಚುವುದಿಲ್ಲ, ಕೊಕ್ಕಿನ ನಡುವೆ ಇಕ್ಕಳ ಹಾಕಿ ಕಚ್ಚುತ್ತದೆ, ದೊಡ್ಡ ಬೇಟೆಯಾದರೆ ಕೆಲವೊಮ್ಮೆ ಚುಚ್ಚುವುದೂ ಉಂಟು.

ನೀರಲ್ಲಿ ಅದ್ದುವುದಕ್ಕೆ ಬರೋಣ. ಬಕಕ್ಕೆ ಹಲ್ಲಿಲ್ಲ, ಹದ್ದಿನ ಹಾಗೆ ಹರಿದು ತಿನ್ನುವ ಕೊಕ್ಕೂ ಇಲ್ಲ, ಇಡೀ ಪ್ರಾಣಿಯನ್ನು ಹಾಗೇ ಇಳಿಸಬೇಕು. ಒಣ ಕೂದಲು ಗಂಟಲಲ್ಲಿ ಅಂಟುತ್ತದೆ, ಒದ್ದೆಯಾದರೆ ಜಾರುತ್ತದೆ. ಇನ್ನೂ ಒದ್ದಾಡುತ್ತಿದ್ದರೆ ನೀರಲ್ಲಿ ಸಾಯುತ್ತದೆ. ನುಂಗುವಾಗ ಸಾಮಾನ್ಯವಾಗಿ ತಲೆ ಮೊದಲು, ಆಗ ಕಾಲು, ಕೂದಲು ಎಲ್ಲ ಹಿಂದಕ್ಕೆ ಮಲಗಿಕೊಳ್ಳುತ್ತವೆ. ಹೊಟ್ಟೆಯ ಆಮ್ಲ ಎಷ್ಟು ಗಟ್ಟಿ ಅಂದರೆ ಮೂಳೆ ಕೂಡ ಹೆಚ್ಚುಕಮ್ಮಿ ಕರಗಿಹೋಗುತ್ತದೆ. ಕರಗದೆ ಉಳಿದ ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಅದು ಕೂರುವ ಮರದ ಬುಡದಲ್ಲಿ ಹುಡುಕಿದರೆ ಆ ಬೂದು ಉಂಡೆ ನಿಮಗೂ ಸಿಗಬಹುದು.

ಆಮ್‌ಸ್ಟರ್‌ಡ್ಯಾಮಿನ ಸಂತೆಯಲ್ಲಿ ಮೀನಂಗಡಿ ಮುಂದೆ ಕಾಯುವ ಬಕಗಳನ್ನು ನೋಡಲು ಜನ ಹೋಗುತ್ತಾರೆ. ನನ್ನನ್ನು ಕೇಳಿದರೆ ನಿಮ್ಮ ಹಿತ್ತಲಿನ ಬಕವೇ ಹೆಚ್ಚು ನೋಡುವಂಥದ್ದು. ಕಿಟಕಿ ಒಳಗಿಂದಲೇ ನೋಡಿ. ಹತ್ತಿರ ಹೋಗಿ ಹಾರಿಸಿದರೆ ಅದು ಅಷ್ಟು ಹೊತ್ತು ಕಾದಿದ್ದು ದಂಡ.

ಪ್ರಶ್ನೆ: ನಮ್ಮ ಎಮ್ಮೆಗಳ ಹಿಂದೆ ದಿನಾ ಬೆಳ್ಳಕ್ಕಿ ಬರುತ್ತವೆ. ಉಣ್ಣೆ ಹೆಕ್ಕುತ್ತವೆ ಅಂತ ನಮ್ಮಜ್ಜಿ ಹೇಳ್ತಾರೆ. ಹೌದಾ?
— ಓದುಗರು, ತರೀಕೆರೆ

ಉತ್ತರ: ಅಜ್ಜಿ ಹೇಳಿದ್ದರಲ್ಲಿ ಸತ್ಯವಿದೆ, ಉಣ್ಣೆ, ನೊಣ ಹಿಡಿಯುವುದುಂಟು. ಆದರೆ ಅವು ಬರುವುದು ಮುಖ್ಯವಾಗಿ ಮಿಡತೆಗೆ. ಎಮ್ಮೆ ಹೆಜ್ಜೆ ಇಟ್ಟಾಗ ಹುಲ್ಲಿಂದ ಮಿಡತೆ, ಚಿಮ್ಮಂಡೆ, ಸಣ್ಣ ಕಪ್ಪೆ ಎದ್ದು ಹಾರುತ್ತವೆ, ಗೋವಕ್ಕಿ (ದನದ ಹಿಂದೆ ಬರುವ ಈ ಬೆಳ್ಳಕ್ಕಿಯ ಹೆಸರು) ಅಲ್ಲೇ ಹಿಡಿಯುತ್ತದೆ. ಒಂಟಿಯಾಗಿ ಹುಡುಕುವುದಕ್ಕಿಂತ ದನದ ಜೊತೆಗಿದ್ದರೆ ಕಡಿಮೆ ಹೆಜ್ಜೆಗೆ ಜಾಸ್ತಿ ಬೇಟೆ ಅಂತ ಅಧ್ಯಯನ ಮಾಡಿದವರು ಲೆಕ್ಕ ಹಾಕಿ ತೋರಿಸಿದ್ದಾರೆ. ಟ್ರ್ಯಾಕ್ಟರ್ ಹಿಂದೆ ಬರುವುದೂ ಇದಕ್ಕೇ. ಈ ಜಾಣತನದಿಂದಲೇ ಗೋವಕ್ಕಿ ಅರ್ಧ ಜಗತ್ತು ಗೆದ್ದಿತು. ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ 1870ರ ದಶಕದ ಹೊತ್ತಿಗೆ ದಕ್ಷಿಣ ಅಮೆರಿಕ ಮುಟ್ಟಿತ್ತು, 1950ರ ದಶಕದಲ್ಲಿ ಫ್ಲಾರಿಡಾದಲ್ಲಿ ಗೂಡು ಕಟ್ಟಿತು. ಕಾಡು ಕಡಿದು ದನ ಬಿಟ್ಟ ಕಡೆಯೆಲ್ಲ ಅದಕ್ಕೆ ಊಟ ಸಿಕ್ಕಿತು.

ಬೇಟೆ ಕಂಡಾಗ ಅದು ಮೈ ಅಲುಗಿಸದೆ ಕತ್ತನ್ನು ಮಾತ್ರ ಅತ್ತಿತ್ತ ತೂಗುತ್ತದೆ. ದೂರ ಅಂದಾಜು ಮಾಡಲು ಹಾಗೆ ಮಾಡುತ್ತದೆ ಅಂತ ಪಕ್ಷಿತಜ್ಞರ ಊಹೆ. ಮಕ್ಕಳಿಗೆ ತೋರಿಸಿ, ತುಂಬಾ ಚೆನ್ನಾಗಿರುತ್ತದೆ.

ಪ್ರಶ್ನೆ: ಗದ್ದೆ ಬದುವಿನಲ್ಲಿ ಬಕ ಇಲಿ ಹಿಡಿಯುವುದು ನೋಡಿದ್ದೇನೆ. ಇಲಿಪಾಷಾಣ ಇಟ್ಟರೆ ಹಕ್ಕಿಗೆ ತೊಂದರೆಯಾ?
— ಓದುಗರು, ಮಳವಳ್ಳಿ

ಉತ್ತರ: ಆಗುತ್ತದೆ, ಮತ್ತು ಇದನ್ನು ಕೇಳಿದ್ದಕ್ಕೆ ನಿಮಗೆ ಮನಸಾರೆ ಥ್ಯಾಂಕ್ಸ್. ಬ್ರೋಮಡಯೋಲೋನ್ ಥರದ ಮದ್ದು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಹಗಲಲ್ಲೂ ಓಡಾಡುತ್ತದೆ, ಕಾದು ನಿಂತ ಹಕ್ಕಿಗೆ ಅಂಥ ಇಲಿಯೇ ಸುಲಭದ ತುತ್ತು. ಇಲಿಯ ಮೈಯಲ್ಲಿ ಉಳಿದ ವಿಷ ತಿಂದವರ ಮೈಗೂ ಸೇರುತ್ತದೆ. ಗೂಬೆಗಳೂ ಹೀಗೇ ಸಾಯುತ್ತವೆ. ಸಾಧ್ಯವಾದರೆ ಮೊದಲು ಬೋನು ಇಡಿ. ತಂಜಾವೂರು ಕಡೆ ಗದ್ದೆಯಲ್ಲಿ ಬಳಸುವ ಬಿದಿರಿನ ಬಿಲ್ಲು ಬೋನು ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚೂ ಕಮ್ಮಿ. ಗದ್ದೆ ನಡುವೆ ಗೂಬೆ ಕೂರಲು ಅಡ್ಡಪಟ್ಟಿ ಹೊಡೆದ ಗೂಟ ನೆಡಿ. ಮದ್ದು ಇಡಲೇಬೇಕಾದರೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ದಿನಾ ಬೆಳಗ್ಗೆ ಬೇಗ ಹೋಗಿ ಸತ್ತ ಇಲಿಗಳನ್ನು ಆರಿಸಿ ಆಳಕ್ಕೆ ಹೂತುಬಿಡಿ. ಬದುವಿನ ಮೇಲೆ ಎಸೆಯಬೇಡಿ.