ಪಾಸ್‌ಪೋರ್ಟು ಅಮೆರಿಕದ್ದು, ಇಂಟರ್ನ್‌ಶಿಪ್ಪು ಜರ್ಮನಿಯದ್ದು, ಚಿಂತೆ ಅಜ್ಜಿಯದ್ದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜರ್ಮನಿಯದೇ ಮಾತು ಜಾಸ್ತಿ. ನಾನು ಹಿಂದೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿದ್ದೆ ಅನ್ನುವ ಒಂದೇ ಕಾರಣಕ್ಕೆ ಸಂಪಾದಕರು ಎಲ್ಲವನ್ನೂ ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾರೆ. ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಮಗ ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಹುಟ್ಟಿ ಬೆಳೆದವಳು, 21 ವರ್ಷ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಿಂದ ಆರು ತಿಂಗಳು ಸ್ಟುಟ್‌ಗಾರ್ಟ್‌ನಲ್ಲಿ ಇಂಟರ್ನ್ ಆಗಿ ಹೋಗುತ್ತಾಳಂತೆ. ಕೇಳಿದರೆ "ನಂದು ಅಮೆರಿಕನ್ ಪಾಸ್‌ಪೋರ್ಟ್ ಅಜ್ಜಿ, ವೀಸಾನೇ ಬೇಡ, ಅಲ್ಲಿ ಹೋಗಿ ನೋಡ್ಕೋತೀನಿ" ಅನ್ನುತ್ತಾಳೆ. ಅವಳಪ್ಪನೂ ಹೂಂ ಅನ್ನುತ್ತಾನೆ. ಮಾಂಸ ಮೊಟ್ಟೆ ಮುಟ್ಟದ ಹುಡುಗಿ. ನಾಲ್ಕು ಜನ ಹುಡುಗರು ಹುಡುಗಿಯರು ಒಟ್ಟಿಗೆ ಇರುವ ಮನೆ ಬೇರೆ. ನನಗೇಕೋ ಸಮಾಧಾನವಿಲ್ಲ.
– ಒಬ್ಬ ಅಜ್ಜಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮೊಮ್ಮಗಳು ಹೇಳಿದ್ದರಲ್ಲಿ ಅರ್ಧ ನಿಜ. ಅಮೆರಿಕ, ಕೆನಡಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಹೀಗೆ ಕೆಲವೇ ದೇಶದವರು ವೀಸಾ ಇಲ್ಲದೆ ಜರ್ಮನಿಯಲ್ಲಿ ಇಳಿದು, ಆಮೇಲೆ ಮೂರು ತಿಂಗಳೊಳಗೆ ಅಲ್ಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಆದರೆ ಆ ಪರವಾನಗಿ ಕೈಗೆ ಬರುವವರೆಗೆ ಕೆಲಸಕ್ಕೆ ಕೂರುವಂತಿಲ್ಲ. ದೊಡ್ಡ ಊರುಗಳಲ್ಲಿ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ವಾರಗಟ್ಟಲೆ ಕಾಯಬೇಕಾಗುತ್ತದೆ. ಆರು ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ಎರಡು ತಿಂಗಳು ಹೀಗೇ ಕಳೆದರೆ ಉಳಿಯುವುದೇನು? ಹೊರಡುವ ಮೊದಲೇ ಅಮೆರಿಕದಲ್ಲಿರುವ ಜರ್ಮನ್ ಕಾನ್ಸುಲೇಟ್‌ನಲ್ಲಿ ವೀಸಾ ಮಾಡಿಸಿಕೊಳ್ಳಲಿ. ಇದನ್ನು ಮೊಮ್ಮಗಳಿಗಲ್ಲ, ಅವಳಪ್ಪನಿಗೆ ಹೇಳಿ.

ಎರಡನೆಯದು ವಿಳಾಸ. ಜರ್ಮನಿಯಲ್ಲಿ ಊಟ, ಭಾಷೆ, ಚಳಿ ಎಲ್ಲ ಆಮೇಲೆ, ಮೊದಲು ವಿಳಾಸ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ನಾನು ಇಂಥ ಮನೆಯಲ್ಲಿದ್ದೇನೆ ಅಂತ ಬರೆಸಬೇಕು, ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಬೇಕು. ನಮ್ಮ ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರಿಗೆ ರೂಮು ಕೊಡುವವರನ್ನು ಕೇಳಿ ನೋಡಿ, 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು ಅನ್ನುವುದು ಅವರಿಗೆ ಬಾಯಿಪಾಠ. ನಮ್ಮಲ್ಲಿ ಅದು ವಿದೇಶಿಯರಿಗೆ ಮಾತ್ರ. ಅಲ್ಲಿ ಅಲ್ಲಿನವರೂ ಮನೆ ಬದಲಿಸಿದಾಗಲೆಲ್ಲ ಹೋಗಿ ಬರೆಸಲೇಬೇಕು. ಹಾಗೆ ಬರೆಸಿದ ಮೇಲೆ ಕೆಲವು ವಾರಕ್ಕೆ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಆ ನಂಬರು ಕೊಡದೆ ಹೋದರೆ ಕಂಪನಿಯವರು ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬಹುದು. ಇಲ್ಲೊಂದು ಚಿಕ್ಕ ವಿಷಯವಿದೆ, ಯಾರೂ ಹೇಳುವುದಿಲ್ಲ. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರು ಇರುವುದಿಲ್ಲ, ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಡಬ್ಬಿಯ ಮೇಲೆ ಮೊಮ್ಮಗಳ ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸ್. ಇಳಿದ ದಿನವೇ ಒಂದು ಚೀಟಿ ಬರೆದು ಅಂಟಿಸಲಿ.

ಅಮೆರಿಕನ್ನರಿಗೆ ಮಾತ್ರ ಇರುವ ಇನ್ನೊಂದು ತಲೆನೋವು ತೆರಿಗೆಯದು. ಅಮೆರಿಕದ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ತನ್ನ ದೇಶಕ್ಕೆ ಲೆಕ್ಕ ಕೊಡಬೇಕು. 2010ರಲ್ಲಿ ಅವರು ಮಾಡಿದ ಒಂದು ಕಾನೂನಿನಿಂದಾಗಿ ಹೊರದೇಶದ ಬ್ಯಾಂಕುಗಳೂ ಅಮೆರಿಕನ್ ಗ್ರಾಹಕರ ಖಾತೆಯ ವಿವರ ಕಳಿಸಬೇಕು, ಹಾಗಾಗಿ ಕೆಲವು ಬ್ಯಾಂಕುಗಳು ಅವರಿಗೆ ಖಾತೆ ತೆರೆಯಲು ಹಿಂದೆ ಮುಂದೆ ನೋಡುತ್ತವೆ. ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆ ಆಗುತ್ತದೆ, ಗಾಬರಿ ಬೇಡ.

ಇನ್ನು ಹುಡುಗರು ಹುಡುಗಿಯರು ಒಟ್ಟಿಗೆ ಇರುವ ಮನೆ. ಅಲ್ಲಿ ಅದು ತೀರಾ ಸಾಮಾನ್ಯ ಅಮ್ಮಾ. ಒಬ್ಬೊಬ್ಬರಿಗೆ ಬೀಗವಿರುವ ಒಂದೊಂದು ರೂಮು, ಅಡುಗೆಮನೆ ಬಚ್ಚಲು ಎಲ್ಲರದ್ದು. ನಾನು ಕಂಡಂತೆ ಅಲ್ಲಿ ಜಗಳವಾಗುವುದು ತೊಳೆಯದ ಪಾತ್ರೆಗೆ, ಮತ್ತು ಕಸಕ್ಕೆ. ಕಾಗದಕ್ಕೊಂದು ಡಬ್ಬ, ಪ್ಲಾಸ್ಟಿಕ್ಕಿಗೊಂದು, ತರಕಾರಿ ಸಿಪ್ಪೆಗೊಂದು, ಉಳಿದದ್ದಕ್ಕೊಂದು. ಅದರಲ್ಲೂ ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ, ನಿಮಗೆ ಖುಷಿಯಾಗುತ್ತದೆ. ವಾರಕ್ಕೊಂದು ಮನೆಯವರ ಸರದಿಯಂತೆ ಮೆಟ್ಟಿಲು, ಮುಂಬಾಗಿಲು, ಫುಟ್‌ಪಾತ್ ಗುಡಿಸಿ ಒರೆಸಬೇಕು, ಸರದಿ ಬಂದವರ ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿರುತ್ತಾರೆ. 1988ರಲ್ಲಿ ನಗರಾಡಳಿತ ಇದನ್ನು ಕಡ್ಡಾಯದಿಂದ ತೆಗೆದರೂ ಬಾಡಿಗೆ ಕರಾರಿನಲ್ಲಿ ಇನ್ನೂ ಉಳಿದುಕೊಂಡಿದೆ. (2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಬಂದ ಊರಿನವರು ನಾವು, ಆದರೂ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ನೋಡಿದಾಗ ಆ ಬೋರ್ಡು ಇಲ್ಲೂ ಬೇಕು ಅನಿಸುತ್ತದೆ.)

ದುಡ್ಡಿನ ಒಂದು ಮಾತು. ಬಾಡಿಗೆ ಹೇಳುವಾಗ ಅದು ಬರೀ ಮನೆಯದ್ದಾ, ಹೀಟರು ನೀರು ಸೇರಿಸಿದ್ದಾ ಅಂತ ಕೇಳಿಕೊಳ್ಳಲಿ, ವ್ಯತ್ಯಾಸ ಜಾಸ್ತಿ ಇರುತ್ತದೆ. ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ಬರೀ ಬಾಡಿಗೆಯಷ್ಟು, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಮನೆಯನ್ನು ಯಾರಾದರೂ ಕಣ್ಣಾರೆ ನೋಡುವ ಮೊದಲು ದುಡ್ಡು ಕಳಿಸುವುದು ಬೇಡ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡ್ತೀನಿ" ಅನ್ನುವವನು ಮೋಸಗಾರನೇ. ಟಿವಿ ರೇಡಿಯೋ ಶುಲ್ಕ ಅಂತ ತಿಂಗಳಿಗೆ 18.36 ಯೂರೋದ ಕಾಗದ ಬರುತ್ತದೆ, ಟಿವಿ ಇಲ್ಲದಿದ್ದರೂ ಬರುತ್ತದೆ. ಅದು ಮನೆಗೊಂದೇ, ನಾಲ್ಕು ಜನ ಹಂಚಿಕೊಳ್ಳಬಹುದು.

ಊಟಕ್ಕೆ ತೊಂದರೆ ಇಲ್ಲ, ಅವಳು ಹೇಗೂ ಅಮೆರಿಕದಲ್ಲಿ ಬೆಳೆದವಳು, ಲೇಬಲ್ ಓದುವ ಅಭ್ಯಾಸ ಇರುತ್ತದೆ. ಆ ಸೀಮೆಯ ಮೌಲ್‌ಟಾಷನ್ ಅನ್ನುವ ತಿಂಡಿ ನೋಡಲು ನಮ್ಮ ಕಡುಬಿನ ಹಾಗೆ, ಒಳಗಿರುವುದು ಸಾಮಾನ್ಯವಾಗಿ ಮಾಂಸ. ಬ್ರೆಟ್ಸೆಲ್ ಅನ್ನುವ ಗಂಟು ಬ್ರೆಡ್ಡಿಗೂ ಕೆಲವು ಬೇಕರಿಗಳಲ್ಲಿ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತೆಗೆದುಕೊಳ್ಳಲಿ. ಅಕ್ಕಿ ಬೇಳೆ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ರಾಗಿ ಹಿಟ್ಟು ಬೇಕಾದರೆ ಶ್ರೀಲಂಕಾ ತಮಿಳರ ಅಂಗಡಿಗೆ ಹೋಗಿ ಕುರಕ್ಕನ್ ಹಿಟ್ಟು ಅಂತ ಕೇಳಲಿ.

ನಿಮಗೊಂದು ಒಳ್ಳೆ ಸುದ್ದಿಯೂ ಇದೆ. ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ, ಹತ್ತೂವರೆ ಗಂಟೆ ಹಿಂದೆ. ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮಾತ್ರ ಹಿಂದೆ. ನಿಮ್ಮ ರಾತ್ರಿ ಊಟದ ಹೊತ್ತಿಗೆ ಅವಳು ಆಫೀಸು ಮುಗಿಸುವ ಹೊತ್ತಾಗಿರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ, ಅವತ್ತು ಫೋನು ಒಂದು ಗಂಟೆ ತಡವಾದರೆ ಹೆದರಬೇಡಿ.

ಪ್ರಶ್ನೆ: ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಚಿಕ್ಕಪ್ಪನ ಮಗ ಅಮೆರಿಕದವನು. ಅವನನ್ನು ಜರ್ಮನಿಗೆ ಯಾವುದೋ ಸ್ಕೀಮಿನಲ್ಲಿ ಖರ್ಚು ಕೊಟ್ಟು ಕರೆಸಿಕೊಳ್ಳುತ್ತಿದ್ದಾರೆ. ನನಗೂ ಸಿಗುತ್ತಾ? ಒಬ್ಬ ಏಜೆಂಟ್ ಎರಡು ಲಕ್ಷ ಕೊಟ್ಟರೆ ಇಂಟರ್ನ್‌ಶಿಪ್ ಗ್ಯಾರಂಟಿ ಅನ್ನುತ್ತಿದ್ದಾನೆ.

ಉತ್ತರ: ಏಜೆಂಟ್ ವಿಷಯ ಮೊದಲು. ಕೊಡಬೇಡ ಕಣಪ್ಪಾ. ಇಂಟರ್ನ್ ಹತ್ತಿರ ದುಡ್ಡು ಇಸಿದುಕೊಂಡು ಕೆಲಸ ಕೊಡುವುದು ಜರ್ಮನಿಯ ಒಳ್ಳೆ ಕಂಪನಿ ಮಾಡುವ ಕೆಲಸ ಅಲ್ಲ. ಎರಡು ಲಕ್ಷ ಇದ್ದರೆ ಅದರಲ್ಲಿ ಸ್ವಲ್ಪ ತೆಗೆದು ಜರ್ಮನ್ ಕಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯಬಹುದು, ಆದರೆ ಸರ್ಕಾರಿ ಕಚೇರಿಯ ಕಾಗದ, ಬಾಡಿಗೆ ಕರಾರು ಎಲ್ಲ ಜರ್ಮನ್‌ನಲ್ಲೇ ಬರುತ್ತವೆ.

ನಿನ್ನ ಚಿಕ್ಕಪ್ಪನ ಮಗನದು ಎರಡರಲ್ಲಿ ಒಂದಿರಬೇಕು. ಅಮೆರಿಕದ ಸಂಸತ್ತು ಕಾಂಗ್ರೆಸ್ಸು, ಜರ್ಮನಿಯ ಸಂಸತ್ತು ಬುಂಡೆಸ್ಟಾಗ್ ಸೇರಿ 1983ರಲ್ಲಿ ಶುರು ಮಾಡಿದ ಯುವಜನ ವಿನಿಮಯ ಒಂದು. ಅದರಲ್ಲಿ 18ರಿಂದ 24 ವರ್ಷದವರು ಒಂದು ವರ್ಷ ಹೋಗಿ ಮೊದಲು ಭಾಷೆ, ಆಮೇಲೆ ಓದು, ಕೊನೆಗೆ ಐದು ತಿಂಗಳು ಇಂಟರ್ನ್ ಕೆಲಸ ಮಾಡುತ್ತಾರೆ. ಇನ್ನೊಂದು ಡಿಎಎಡಿ ಅನ್ನುವ ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ನಡೆಸುವ ರೈಸ್, ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ನಲ್ಲಿ ಓದುವವರಿಗೆ ಬೇಸಿಗೆಯಲ್ಲಿ ಲ್ಯಾಬುಗಳಲ್ಲಿ ಕೆಲಸ ಕೊಡಿಸುತ್ತದೆ. ಮಂಡ್ಯದಲ್ಲಿ ಓದುವ ನಿನಗೆ ಎರಡೂ ಇಲ್ಲ. ಬೇಜಾರಾಗುತ್ತದೆ, ಅವನೂ ಅದೇ ಅಜ್ಜನ ಮೊಮ್ಮಗ ಅಲ್ವಾ, ಆದರೆ ಇರುವುದು ಹಾಗೆ.

ನಿನಗಿರುವ ದಾರಿ ಉದ್ದ, ಆದರೆ ಇದೆ. ನಿನ್ನ ವಿಷಯದ ಮೇಲೆ ಕೆಲಸ ಮಾಡುವ ಪ್ರೊಫೆಸರುಗಳಿಗೆ, ಕಂಪನಿಗಳಿಗೆ ನೇರವಾಗಿ ಬರೆ. ಅವರ ಕೆಲಸದ ಬಗ್ಗೆ ಎರಡು ಸಾಲು ಓದಿಕೊಂಡು ಬರೆ, ಸುಮ್ನೆ ಒಂದೇ ಕಾಗದ ನೂರು ಜನಕ್ಕೆ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಬೆಂಗಳೂರಿನಲ್ಲೇ ಇರುವ ಜರ್ಮನ್ ಕಂಪನಿಗಳಲ್ಲಿ ಮೊದಲು ಪ್ರಯತ್ನಿಸು. ಹಿಂದೆ ಮೈಕೋ ಆಗಿದ್ದ ಬಾಷ್ ಇಲ್ಲವಾ, ಅದರ ತಾಯಿ ಕಚೇರಿ ಇರುವುದು ಸ್ಟುಟ್‌ಗಾರ್ಟ್ ಪಕ್ಕದಲ್ಲೇ. ಕೆಲಸ ಸಿಕ್ಕರೆ ನೀನು ವೀಸಾ ಇಲ್ಲದೆ ಹೊರಡುವಂತಿಲ್ಲ. ವಿದ್ಯಾರ್ಥಿ ಇಂಟರ್ನ್‌ಗೆ ಜರ್ಮನಿಯ ಉದ್ಯೋಗ ಇಲಾಖೆ ಒಪ್ಪಿಗೆ ಕೊಡಬೇಕು, ಅದನ್ನು ಅಲ್ಲಿನ ಕಂಪನಿಯವರೇ ಕೇಳಿ ತರಿಸುತ್ತಾರೆ. ನಾಲ್ಕು ಸೆಮಿಸ್ಟರ್ ಮುಗಿದಿರಬೇಕು, ಕೆಲಸ ನಿನ್ನ ಓದಿಗೆ ಹೊಂದಬೇಕು, 12 ತಿಂಗಳು ಮೀರುವಂತಿಲ್ಲ. ವೀಸಾ ಶುಲ್ಕ 75 ಯೂರೋ. ಸಂಬಳ ಸಾಲದಿದ್ದರೆ ಉಳಿದ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು.

ಸಂಬಳದಲ್ಲಿ ಒಂದು ಸೂಕ್ಷ್ಮವಿದೆ. ಕೋರ್ಸಿನಲ್ಲಿ ಕಡ್ಡಾಯವಾದ ಇಂಟರ್ನ್‌ಶಿಪ್ಪಿಗೆ ಅಲ್ಲಿನ ಕನಿಷ್ಠ ವೇತನ ಅನ್ವಯಿಸುವುದಿಲ್ಲ. ಓದಿನ ಜೊತೆ ಸ್ವಂತ ಇಷ್ಟದಿಂದ ಮಾಡುವುದು ಮೂರು ತಿಂಗಳೊಳಗಿದ್ದರೂ ಇಲ್ಲ. ಮೂರು ತಿಂಗಳು ಮೀರಿದ್ದಾದರೆ ಮೊದಲ ದಿನದಿಂದಲೇ ಕೊಡಬೇಕು. 2025ರಲ್ಲಿ ಅದು ಗಂಟೆಗೆ 12.82 ಯೂರೋ ಇತ್ತು, 2026ರಿಂದ 13.90. ಕೆಲವು ಕಂಪನಿಗಳು ಕರೆಕ್ಟಾಗಿ ಮೂರು ತಿಂಗಳಿಗೇ ಇಂಟರ್ನ್ ಬೇಕು ಅನ್ನುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪ್ರಶ್ನೆ: ಭಾನುವಾರ ಅಲ್ಲಿ ಅಂಗಡಿ ಪೂರ್ತಿ ಮುಚ್ಚಿರುತ್ತವಂತೆ, ನಿಜವಾ?
– ಶ್ರೀರಂಗಪಟ್ಟಣದ ಓದುಗರು

ಉತ್ತರ: ನಿಜ. 1919ರ ಅವರ ಸಂವಿಧಾನದಲ್ಲೇ ಭಾನುವಾರ ವಿಶ್ರಾಂತಿಯ ದಿನ ಅಂತ ಬರೆದಿದ್ದರು, 1949ರ ಈಗಿನ ಸಂವಿಧಾನ ಆ ಮಾತನ್ನು ಹಾಗೇ ಉಳಿಸಿಕೊಂಡಿತು. ದೊಡ್ಡ ರೈಲ್ವೆ ಸ್ಟೇಷನ್, ಪೆಟ್ರೋಲ್ ಬಂಕ್‌ಗಳಲ್ಲಿ ಏನಾದರೂ ಸಿಗುತ್ತದೆ, ಬೇಕರಿ ಸ್ವಲ್ಪ ಹೊತ್ತು ತೆರೆದಿರಬಹುದು. ಶನಿವಾರವೇ ಹಾಲು ಮೊಸರು ತಂದಿಡಬೇಕು. ಭಾನುವಾರ ಗೋಡೆಗೆ ಡ್ರಿಲ್ ಹಾಕಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಖಾಲಿ ಗಾಜಿನ ಬಾಟಲಿ ಬೀದಿಯ ಡಬ್ಬಕ್ಕೆ ಹಾಕುವುದೂ ಅವತ್ತು ಬೇಡ. ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಎಸೆಯಬಾರದು, ಅಂಗಡಿಯ ಮಷಿನ್ನಿಗೆ ಹಾಕಿದರೆ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ.

ಪ್ರಶ್ನೆ: ಮಗ ಹ್ಯಾನೋವರ್ ಹತ್ತಿರ ಇಂಟರ್ನ್ ಆಗಿದ್ದಾನೆ. ಆಫೀಸಿನಲ್ಲಿ ಯಾರೂ ಮಾತಾಡಿಸುವುದಿಲ್ಲ ಅನ್ನುತ್ತಾನೆ. ಅವನ ಪಕ್ಕದ ರೂಮಿನ ಅಮೆರಿಕದ ಹುಡುಗ ಅವನಿಗಿಂತ ಜಾಸ್ತಿ ಕುಗ್ಗಿದ್ದಾನಂತೆ. ವಾಪಸ್ ಬಾ ಅಂದುಬಿಡಲಾ?
– ಒಬ್ಬ ತಾಯಿ, ಸರಸ್ವತಿಪುರಂ

ಉತ್ತರ: ಈಗಲೇ ಬೇಡಮ್ಮ. ಅಮೆರಿಕದ ಹುಡುಗ ಜಾಸ್ತಿ ಕುಗ್ಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅವರ ಊರಲ್ಲಿ ಅಂಗಡಿಯವನೂ ಹೇಗಿದ್ದೀರಿ ಅಂತ ಕೇಳುತ್ತಾನೆ, ಲಿಫ್ಟಿನಲ್ಲಿ ಸಿಕ್ಕವರೂ ನಗುತ್ತಾರೆ. ಜರ್ಮನ್ನರು ಕೆಲಸದ ಹೊತ್ತಿನಲ್ಲಿ ಕೆಲಸದ ಮಾತು, ಮುಗಿದ ಮೇಲೆ ನಮಸ್ಕಾರ. ಕೋಪವಲ್ಲ, ತಾತ್ಸಾರವೂ ಅಲ್ಲ. ನಿಮ್ಮ ಮಗ ಡಬ್ಬಿ ತಂದು ಒಬ್ಬನೇ ತಿನ್ನುತ್ತಿದ್ದರೆ ಅದನ್ನು ನಿಲ್ಲಿಸಲಿ, ಎಲ್ಲರೂ ಕ್ಯಾಂಟೀನಿಗೆ ಏಳುವಾಗ ಜೊತೆಗೆ ಏಳಲಿ, ಬೇಗ ಏಳುತ್ತಾರೆ, ಹನ್ನೊಂದೂವರೆ ಹನ್ನೆರಡಕ್ಕೇ. ಹುಟ್ಟುಹಬ್ಬ ಬಂದರೆ ತಾನೇ ಕೇಕ್ ಒಯ್ದು ಹಂಚಬೇಕು, ಅವರು ತರಲಿ ಅಂತ ಕಾದರೆ ಯಾರೂ ತರುವುದಿಲ್ಲ. ಬೇರೆಯವರ ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಶುಭಾಶಯ ಹೇಳಬಾರದು, ಅಪಶಕುನ ಅನ್ನುತ್ತಾರೆ.

ಸ್ನೇಹ ಆಗುವುದು ಆಫೀಸಿನ ಹೊರಗೆ, ಕ್ಲಬ್ಬುಗಳಲ್ಲಿ. ಫುಟ್‌ಬಾಲ್, ಚೆಸ್, ಹಾಡು, ಬೆಟ್ಟ ಹತ್ತುವುದು, ಪ್ರತಿಯೊಂದಕ್ಕೂ ಅಲ್ಲಿ ಸಂಘ ಇರುತ್ತದೆ. ವಾರಕ್ಕೊಂದು ಸಂಜೆ ಹೋದರೆ ಎರಡು ಮೂರು ತಿಂಗಳಿಗೆ ಯಾರಾದರೂ ಮನೆಗೆ ಕರೆಯುತ್ತಾರೆ, ಕರೆದರೆ ಆ ಸ್ನೇಹ ಉಳಿಯುತ್ತದೆ. ದೊಡ್ಡ ಊರುಗಳಲ್ಲಿ ಕನ್ನಡ ಸಂಘಗಳೂ ಇವೆ, ಯುಗಾದಿ ರಾಜ್ಯೋತ್ಸವಕ್ಕೆ ಹೋಗಿ ಬರಲಿ, ಪ್ರತಿ ವಾರವೂ ಅಲ್ಲೇ ಕೂತರೆ ಜರ್ಮನಿಗೆ ಹೋಗಿದ್ದು ಯಾಕೆ? ಡಿಸೆಂಬರ್‌ನಲ್ಲಿ ಹ್ಯಾನೋವರ್ ಕಡೆ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲು. ಮೈಸೂರಿನ ಬಿಸಿಲಿನಲ್ಲಿ ಬೆಳೆದವನಿಗೆ ಆ ಕತ್ತಲೇ ಮನಸ್ಸಿಗೆ ಭಾರ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಲಿ. ನಿದ್ದೆ ಊಟ ಎರಡೂ ಬಿಟ್ಟಿದ್ದಾನೆ ಅನಿಸಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಲು ಹೇಳಿ, ಅಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ, ಅವನಿಗೂ ಇದ್ದೇ ಇರುತ್ತದೆ. ರಾತ್ರಿ ಅಥವಾ ರಜಾ ದಿನ ಡಾಕ್ಟರು ಬೇಕಾದರೆ 116117, ಜೀವಕ್ಕೆ ಅಪಾಯ ಅಂದರೆ 112.

ಪ್ರಶ್ನೆ: ತಂಗಿಯನ್ನು ನೋಡಲು ಮ್ಯೂನಿಕ್‌ಗೆ ಹೋಗುತ್ತಿದ್ದೇನೆ. ರಸಬಾಳೆ, ತುಪ್ಪ, ಕರಿಬೇವು ಒಯ್ಯಬಹುದಾ?
– ನಂಜನಗೂಡು

ಉತ್ತರ: ತುಪ್ಪ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಕರಿಬೇವೂ ಬೇಡ, ವೀಳ್ಯದೆಲೆಯೂ ಬೇಡ. ಹಸಿ ಹಣ್ಣು ತರಕಾರಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ, ಆದರೆ ಐದು ಹಣ್ಣುಗಳಿಗೆ ಬೇಡ: ಅನಾನಸ್, ತೆಂಗಿನಕಾಯಿ, ಡುರಿಯನ್, ಖರ್ಜೂರ ಮತ್ತು ಬಾಳೆ. ರಸಬಾಳೆಗೆ ಅಡ್ಡಿಯಿಲ್ಲ. ಸ್ವಲ್ಪ ಕಾಯಿ ಇರುವಾಗಲೇ ತೆಗೆದುಕೊಳ್ಳಿ, ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ತುರುಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ.