ಪಿನಾಕಿನಿಯ ಮರಳಿನಲ್ಲಿ ಬಿಟ್ಟುಬಂದ ಚಪ್ಪಲಿ

ಗೌರಿಬಿದನೂರಿನ ಓದುಗರೊಬ್ಬರು ಮೂರು ಹಾಳೆ ತುಂಬ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ವಿದುರಾಶ್ವತ್ಥದ 1938ರ ಗೋಲಿಬಾರಿನ ಲೇಖನದಲ್ಲಿ ಸತ್ತವರ ಸಂಖ್ಯೆ ‘ಸರ್ಕಾರದ ಪ್ರಕಾರ 10, ಜನರ ಪ್ರಕಾರ ಮೂವತ್ತಕ್ಕೂ ಮೇಲೆ’ ಎಂದು ಹಾಕಿದ್ದೆವು. ‘ಇತಿಹಾಸಕಾರರಿಗೆ ನೆಟ್ಟಗೆ ಒಂದು ಲೆಕ್ಕ ಹೇಳಲು ಬಾಯಿಲ್ಲವೇ?’ ಇದು ಮೊದಲ ತಕರಾರು. ಎರಡನೆಯದರಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಅವರ ಅಜ್ಜ ಅವತ್ತು ಅಲ್ಲಿದ್ದರಂತೆ. ಗುಂಡಿನ ಸದ್ದಿಗೆ ಹೊಳೆಗಿಳಿದು ಓಡುವಾಗ ಹೊಸ ಚಪ್ಪಲಿ ಮರಳಿನಲ್ಲೇ ಉಳಿಯಿತು, ಕಾಲು ಸುಟ್ಟುಹೋಯಿತು ಎಂದು ಸಾಯುವ ತನಕ ಹೇಳುತ್ತಿದ್ದರಂತೆ. ‘ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಹಾಗಾದರೆ ಅಜ್ಜ ಸುಳ್ಳು ಹೇಳಿದರೇ?’

ಇಲ್ಲ ಸ್ವಾಮಿ. ದಾಖಲೆಯಲ್ಲಿ ಇಲ್ಲದವರೆಲ್ಲ ಸುಳ್ಳುಗಾರರಾದರೆ ನಮ್ಮ ತಾಲ್ಲೂಕುಗಳಲ್ಲಿ ನಿಜ ಹೇಳಿದವರು ನಾಲ್ಕು ಜನವೂ ಸಿಗಲಿಕ್ಕಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಕಡತವಿದೆ. ಕಡತ ಎಂದರೆ ಈಗಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಮೇಲೆ ಬಳಪದಲ್ಲಿ ಬರಹ. ಬಿಡಿಸಿದರೆ ಬೆರಳ ತುದಿ ಕಪ್ಪಾಗುತ್ತದೆ, ಒದ್ದೆ ಬಟ್ಟೆ ತಾಗಿದರೆ ಅಕ್ಷರ ಮಾಯ. ಶಾನುಭೋಗರು ಬೇಡವೆನಿಸಿದ್ದನ್ನು ಒರೆಸಿ ಹೊಸದು ಬರೆಯುತ್ತಿದ್ದರು. ನಮ್ಮ ಕಡತದಲ್ಲಿ ಕಂದಾಯ ಸರಿಯಾಗಿ ಕಟ್ಟಿದವನಿಗೆ ಒಂದೇ ಸಾಲು. ಬಾಕಿ ಉಳಿಸಿಕೊಂಡವನಿಗೆ ಎರಡು ಮಡಿಕೆ ತುಂಬ ಜಾಗ: ಎತ್ತು ಎಷ್ಟು, ಬಾವಿ ಯಾವ ಮೂಲೆಯಲ್ಲಿ, ಅಣ್ಣತಮ್ಮಂದಿರ ಪಾಲು ಎಷ್ಟು. ತಕರಾರಿಲ್ಲದೆ ಬಾಳಿದವನ ಎತ್ತಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಪೊಲೀಸು, ಕೋರ್ಟು, ಆಸ್ಪತ್ರೆಯ ಕಾಗದಗಳ ಕಥೆಯೂ ಇಷ್ಟೇ. ನಿಮ್ಮ ಅಜ್ಜ ಗುಂಡು ತಗುಲದೆ, ಸೆರೆ ಸಿಕ್ಕದೆ ಮನೆ ಸೇರಿದರು. ಅವರನ್ನು ಬರೆದಿಡಲು ಯಾವ ಗುಮಾಸ್ತನಿಗೂ ಕಾರಣವಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. 1938ರ ಏಪ್ರಿಲ್ 25. ಎರಡು ವಾರದ ಹಿಂದಷ್ಟೇ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನ ಧ್ವಜ ಸತ್ಯಾಗ್ರಹವಾಗಿತ್ತು. ವಿದುರಾಶ್ವತ್ಥದಲ್ಲಿ ನಿಷೇಧದ ನಡುವೆ ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಆಮೇಲೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಬಂತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ಸರ್ದಾರ್ ಪಟೇಲರ ನಡುವೆ ಒಪ್ಪಂದವೂ ಆಯಿತು. ಅಂದರೆ ಸಂಖ್ಯೆ ಕಡಿಮೆ ಇದ್ದರೆ ಸರ್ಕಾರದವರಿಗೆ ಅನುಕೂಲ, ಹೆಚ್ಚಿದ್ದರೆ ಚಳವಳಿಯವರಿಗೆ. ಇಬ್ಬರೂ ಬೇಕೆಂದೇ ಸುಳ್ಳು ಹೇಳಿದರು ಎನ್ನಬೇಕಾಗಿಲ್ಲ. ಎಣಿಸಿದವನು ಎಲ್ಲಿ ನಿಂತು ಎಣಿಸಿದ, ಯಾವ ದಿನಕ್ಕೆ ನಿಲ್ಲಿಸಿದ ಎಂದು ಕೇಳಿದರೆ ಸಾಕು. ಸ್ಥಳದಲ್ಲಿ ಸಿಕ್ಕ ಹೆಣ ಮಾತ್ರವೇ? ಗಾಯಗೊಂಡು ವಾರದ ಮೇಲೆ ಸತ್ತವರೂ ಸೇರಿದರೇ? ಆಸ್ಪತ್ರೆಗೆ ಹೋದರೆ ಕೇಸು ಹಾಕುತ್ತಾರೆಂದು ಹೆದರಿ ಗಾಡಿಯಲ್ಲಿ ಹುಲ್ಲು ಹೊದಿಸಿ ಊರಿಗೆ ಒಯ್ದಿದ್ದರೆ ಅಂಥವರು ಯಾರ ಪಟ್ಟಿಯಲ್ಲಿ ಬರಬೇಕು? ಜನರ ಲೆಕ್ಕದಲ್ಲೂ ತೊಡಕಿದೆ. ಒಂದೇ ಹೆಸರು ಎರಡು ಊರಿನಲ್ಲಿ ಎರಡು ಸಲ ಸತ್ತಿರಬಹುದು. ಇದೆಲ್ಲ ಬಿಡಿಸುವ ತನಕ ಎರಡು ಸಂಖ್ಯೆಯನ್ನೂ ಅಕ್ಕಪಕ್ಕ ಇಡುವುದೇ ಸರಿ. ಎರಡನ್ನೂ ಕೂಡಿ ಅರ್ಧ ಮಾಡಿ ‘ಸುಮಾರು ಇಪ್ಪತ್ತು’ ಎಂದು ಬರೆಯುವವರನ್ನೂ ನೋಡಿದ್ದೇನೆ. ಅದು ಸಂತೆ ವ್ಯಾಪಾರ.

ಇನ್ನೊಂದು ಮಾತು, ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುವಂಥದ್ದು. ರೈತ ಮನೆಮಾತಾದ ತೆಲುಗಿನಲ್ಲಿ ಹೇಳುತ್ತಾನೆ, ಗುಮಾಸ್ತ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ, ಮೇಲಿನವರಿಗೆ ಹೋಗುವುದು ಇಂಗ್ಲಿಷಿನಲ್ಲಿ. ಕೊನೆಗೆ ಕಾಗದದಲ್ಲಿರುವ ‘ನಾನು’ ಯಾರ ನಾನು? ಪತ್ರಾಗಾರದಲ್ಲಿ ಹೇಳಿಕೆ ಓದುವವರು ಅದಕ್ಕೇ ನಯವಾದ ವಾಕ್ಯಗಳನ್ನು ಅಷ್ಟಾಗಿ ನಂಬುವುದಿಲ್ಲ. ಹತ್ತು ಜನರ ಹೇಳಿಕೆ ಒಂದೇ ಅಚ್ಚಿನಲ್ಲಿದ್ದರೆ ಅದು ಬರೆದುಕೊಂಡವನ ಮಾತು. ನಡುವೆ ಒಂದು ಕಡೆ ಯಾರೋ ಕಳೆದುಹೋದ ಕಂಬಳಿಯ ವಿಷಯ ತೆಗೆದರೆ ಅಲ್ಲಿ ಪೆನ್ಸಿಲ್ ನಿಲ್ಲುತ್ತದೆ. ಕೇಸಿಗೆ ಬೇಡವಾದ ಕಂಬಳಿಯನ್ನು ಗುಮಾಸ್ತ ತಾನಾಗಿ ಹುಟ್ಟಿಸುವುದಿಲ್ಲ.

ಅಜ್ಜನ ಚಪ್ಪಲಿ ಅಂಥದ್ದು. ‘ನೂರು ಗುಂಡು ಹಾರಿತು’ ಎಂದು ಅವರು ಹೇಳಿದ್ದರೆ ನಾನು ಪಕ್ಕಕ್ಕಿಡುತ್ತೇನೆ; ಓಡುವವನು ಗುಂಡು ಎಣಿಸುವುದಿಲ್ಲ. ಆದರೆ ಏಪ್ರಿಲ್ ಕೊನೆಯ ಉತ್ತರ ಪಿನಾಕಿನಿ, ನೀರಿಲ್ಲದ ಹೊಳೆ, ಬರಿಗಾಲಿಗೆ ಕಾದ ಮರಳು ಇವು ಒಂದಕ್ಕೊಂದು ಕೂಡುತ್ತವೆ. ಓಡಿಹೋದೆ ಎಂದು ಒಪ್ಪಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೂ ಇಲ್ಲ. ಅಲ್ಲಿದ್ದವರೆಲ್ಲ ಹೊಳೆಗೇ ಓಡಿದರು ಎಂದು ಇದರಿಂದ ಹೇಳಲಾಗದು. ಒಬ್ಬರು ಓಡಿದ ದಾರಿ ಇದು, ಅಷ್ಟೇ. ಇಂಥದ್ದೇ ಇನ್ನೊಂದು ಮಾತು ಹೊಳೆಯ ಆಚೆ ದಡದ ಊರಿನಿಂದ ಸಿಕ್ಕರೆ ಆಗ ವಿಷಯ ಬೇರೆ.

ಹಾಗಾಗಿ ಒಂದು ಕೆಲಸ ಮಾಡಿ. ಅಜ್ಜ ಹೇಳಿದ್ದನ್ನು ಅವರು ಹೇಳಿದ ತೆಲುಗಿನಲ್ಲೇ ಬರೆಯಿರಿ, ಕನ್ನಡ ಲಿಪಿಯಾದರೂ ಆಗಬಹುದು, ತಿದ್ದಬೇಡಿ. ಅವರಿಂದ ನೀವೇ ಕೇಳಿದ್ದು ಯಾವುದು, ನಿಮ್ಮ ತಂದೆಯ ಬಾಯಿಂದ ಬಂದದ್ದು ಯಾವುದು ಎಂದು ಬೇರೆ ಬೇರೆ ಗುರುತು ಹಾಕಿ. ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಥೆ ಬೇರೆ ಥರ ನೆನಪಿದ್ದರೆ ಅದನ್ನೂ ಕಳಿಸಿ, ಜಗಳವಾದರೂ ಪರವಾಗಿಲ್ಲ.

— ಸಂಪಾದಕ